ಬಲಗಿವಿಯ ಗಿಟಾರ್

ಅವತ್ತು ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ಮಾಡಿದ್ದೆ. ನೆನೆಸಿದ ಮಂಡಕ್ಕಿಯನ್ನು ನಾನು ಎಡಗೈಯಲ್ಲೇ ಹಿಂಡುತ್ತೇನೆ. ಬಟ್ಟೆ ಹಿಂಡುವುದೂ ಎಡಗೈಯಲ್ಲೇ. ಬಲ ಮಣಿಕಟ್ಟಿಗೆ ಬೇರೆ ಕೆಲಸವಿದೆ. ಯಜಮಾನರು ಒಂಬತ್ತಕ್ಕೆ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದರು. ನಮ್ಮ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ ಅದು. ಅತ್ತೆ ಹೊರಗಿನ ಕಟ್ಟೆಯ ಮೇಲೆ ಶೇಂಗಾ ಸುಲಿಯಲು ಕೂತರು. ನಾನು ಬೇಳೆಗೆ ಕುಕ್ಕರ್ ಇಟ್ಟು, ಅದು ಮೂರು ಸಲ ಕೂಗುವವರೆಗೆ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದೇ ತಂತಿಯ ಮೇಲೆ ಕೆಳಮುಖದ ಹೊಡೆತ ಹೊಡೆದೆ. ದಿನಾ ನಡೆಯುವುದು ಇಷ್ಟೇ.

ನಾನು ಒಂದು ಹೆವಿ ಮೆಟಲ್ ತಂಡದಲ್ಲಿ ಗಿಟಾರ್ ಬಾರಿಸುತ್ತೇನೆ. ಇದನ್ನು ಹೇಳಿದರೆ ಕೆಲವರು ನಗುತ್ತಾರೆ. ಕೆಲವರು "ಅಯ್ಯೋ, ಗೃಹಿಣಿ! ಸೀರೆ ಉಟ್ಕೊಂಡೇ ಬಾರಿಸ್ತೀರಾ?" ಎಂದು ಫೋನ್ ಹೊರಗೆ ತೆಗೆಯುತ್ತಾರೆ. ನಗುವವರೇ ಎಷ್ಟೋ ವಾಸಿ.

ಎರಡನೇ ಕೂಗಿನ ಹೊತ್ತಿಗೆ ಫೋನಿಗೆ ಹಾಡು ಬಂತು. ಕಳಿಸಿದವನು ನಮ್ಮ ತಂಡದ ಹಾಡುಗಾರ, ಬಳ್ಳಾರಿಯವನು. ಅವನು ಬರೆಯುವ ಹಾಡುಗಳಲ್ಲಿ ರಕ್ತ, ಹೆಣ, ನರಕ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಗಿಯ ಮೇಲೆ ತಲೆಬುರುಡೆ. ಗಂಟಲು ಕೆಡಬಾರದೆಂದು ಅವನ ಅಮ್ಮ ಕಾಯಿಸಿ ಕೊಟ್ಟ ಜೀರಿಗೆ ನೀರಿನ ಬಾಟಲಿ ಮಾತ್ರ ಸದಾ ಪಕ್ಕದಲ್ಲಿರುತ್ತದೆ. ಹಾಡಿನ ಕೆಳಗೆ ಬರೆದಿದ್ದ: "ಫೈನಲ್ ಮಿಕ್ಸ್ ಅಕ್ಕಾ, ಬೆಂಕಿ! ಸಂಜಿ ಐದಕ್ಕ ಆಲ್ಬಂ ಬಿಡುಗಡೀಗೆ ಕಳಸಾಕತ್ತೀವಿ."

ಹೆಡ್‌ಫೋನ್ ಹಾಕಿಕೊಂಡು ಕರಿಬೇವು ಬಿಡಿಸುತ್ತ ಕೇಳಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಸಂಗೀತದಲ್ಲಿ ಒಂದೇ ಗಿಟಾರ್ ಭಾಗವನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಬಾರಿಸುತ್ತೇವೆ. ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಒಂದೇ ಕೈ ಎರಡು ಸಲ ಬಾರಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸದಿಂದಲೇ ಹಾಡಿಗೆ ಗೋಡೆಯಂಥ ಅಗಲ ಬರುತ್ತದೆ. ಈ ಹಾಡಿಗೆ ನಾನು ಬಳ್ಳಾರಿಯಲ್ಲಿ, ಹಾಡುಗಾರನ ಬಾಡಿಗೆ ಕೋಣೆಯಲ್ಲಿ, ಎಡಗಡೆಯದನ್ನು ಮಾತ್ರ ಬಾರಿಸಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. "ಬಲಗಡಿದು ಮುಂದಿನ ವಾರ ಮಾಡೂಣು, ನಾನಽ ಫೋನ್ ಮಾಡ್ತೀನಿ" ಎಂದಿದ್ದ. ಮಾಡಿರಲಿಲ್ಲ.

ಈಗ ಕೇಳಿದರೆ ಬಲಗಿವಿಯಲ್ಲೂ ಗಿಟಾರ್ ಇತ್ತು.

ಬೇರೆ ಯಾರನ್ನೋ ಕರೆಸಿ ಬಾರಿಸಿರಬೇಕು ಎಂದುಕೊಂಡೆ. ಮನಸ್ಸಿಗೆ ಕೆಡುಕೆನಿಸಿತು, ಆದರೂ ಕೇಳುತ್ತ ಹೋದೆ. ಮೊದಲ ಚರಣದ ನಡುವೆ ಎಡಗಿವಿಯಲ್ಲಿ ಒಂದು ಸಣ್ಣ 'ಟಿಕ್' ಬಂತು. ಅದು ನನ್ನ ಗಾಜಿನ ಬಳೆ. ಬಾರಿಸುವಾಗ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ ಜೀನ್ಸ್ ಬಟ್ಟೆಯ ಪಟ್ಟಿಯಿಂದ ಕಟ್ಟಿಕೊಳ್ಳುತ್ತೇನೆ. ಅತ್ತೆಗೆ ಬರಿಗೈ ಕಂಡರೆ ಆಗುವುದಿಲ್ಲ, ಗಿಟಾರಿಗೆ ಬಳೆ ಆಗುವುದಿಲ್ಲ, ಪಟ್ಟಿ ಇಬ್ಬರಿಗೂ ಆಗುತ್ತದೆ. ಬಳ್ಳಾರಿಗೆ ಹೋದ ದಿನ ಪಟ್ಟಿ ಮರೆತಿದ್ದೆ. ತಂತಿಗಳು ಕೂರುವ ಲೋಹದ ಪಟ್ಟಿಗೆ ಒಂದು ಬಳೆ ತಗುಲಿತ್ತು. ಅಷ್ಟು ಬಿರುಸಿನ ಸದ್ದಿನಲ್ಲಿ ಅದು ಕೇಳುವುದಿಲ್ಲ ಎಂದು ಬಿಟ್ಟಿದ್ದೆ.

ಅದೇ 'ಟಿಕ್' ಬಲಗಿವಿಯಲ್ಲೂ ಬಂತು. ಕಣ್ಣು ಮಿಟುಕಿಸುವಷ್ಟು ತಡವಾಗಿ. ಮೂರನೇ ಚರಣದಲ್ಲಿ, ಅದೇ ಜಾಗದಲ್ಲಿ, ಎರಡೂ ಕಿವಿಯಲ್ಲಿ ಮತ್ತೆ ಬಂತು.

ಒಂದೇ ಬಳೆ ನಾಲ್ಕು ಸಲ ಒಂದೇ ಥರ ತಗುಲುವುದಿಲ್ಲ. ಎಡಗಡೆಯದನ್ನೇ ನಕಲು ಮಾಡಿ, ತುಸು ಹಿಂದಕ್ಕೆ ಸರಿಸಿ, ಬಲಗಡೆ ಅಂಟಿಸಿದ್ದರು. ನನ್ನ ಮೂರನೇ ಚರಣವನ್ನು ಕಿತ್ತು ಹಾಕಿ ಮೊದಲನೆಯದನ್ನೇ ಅಲ್ಲಿಗೂ ಹಚ್ಚಿದ್ದರು. ಇಷ್ಟು ಮಾಡಿದವರಿಗೆ ಆ 'ಟಿಕ್' ಕೇಳಿಸಿರಲಿಲ್ಲ. ಮೋಸಕ್ಕಿಂತ ಅದೇ ನನಗೆ ಹೆಚ್ಚು ಹೇಸಿಗೆ ತಂದದ್ದು. ಕದಿಯುವುದಕ್ಕೂ ಒಂದಿಷ್ಟು ಕಿವಿ ಬೇಕು.

ಒಲೆ ಆರಿಸಿ ಹಾಡುಗಾರನಿಗೆ ಫೋನ್ ಮಾಡಿದೆ.

"ಬಲಗಡೆ ಗಿಟಾರ್ ಯಾರಪ್ಪಾ ಬಾರಿಸಿದ್ದು?"

"ನೀವಽ ಅಲ್ಲೇನ್ ಅಕ್ಕಾ?"

"ನಾನು ಬಾರಿಸ್ಲೇ ಇಲ್ವಲ್ಲ ಕಣಪ್ಪಾ."

ಅವನು ಗುಟುಕು ನೀರು ಕುಡಿದ ಸದ್ದು ಕೇಳಿಸಿತು. "ಹಂಗಲ್ಲ ಅಕ್ಕಾ. ನಿಮಗ್ಯಾಕ ತ್ರಾಸು ಅಂತ. ಮನಿ ಕೆಲಸ ಇರ್ತೈತಿ, ಅತ್ತಿಯೋರು ಇರ್ತಾರ... ಆ ಬಿರುಸಿನ್ಯಾಗ ಯಾರಿಗೆ ಗೊತ್ತಾಗ್ತೈತಿ ಹೇಳ್ರಿ?"

ನನ್ನ ಮನೆಗೆಲಸದ ಬಗ್ಗೆ ಅವನಿಗಿದ್ದ ಕಾಳಜಿಗೆ ಥ್ಯಾಂಕ್ಸ್ ಹೇಳಿದೆ. ಕಾನ್ವೆಂಟಿನಲ್ಲಿ ನಮಗೆ ದನಿ ಎತ್ತಿ ಜಗಳವಾಡುವುದನ್ನು ಕಲಿಸಲಿಲ್ಲ. ಥ್ಯಾಂಕ್ಸ್ ಅನ್ನುವುದನ್ನೇ ಹತ್ತು ಥರ ಹೇಳಲು ಕಲಿಸಿದರು. ಅವನಿಗೆ ಯಾವ ಥರದ್ದೂ ತಿಳಿಯಲಿಲ್ಲ. "ಅಯ್ಯೋ ಇರ್ಲಿ ಬಿಡ್ರಿ ಅಕ್ಕಾ" ಎಂದ. ಆಮೇಲೆ ಎಲ್ಲರ ಸದ್ದು ಸೇರಿಸಿ ಮಿಕ್ಸಿಂಗ್ ಮಾಡಿದವನನ್ನೂ ಅದೇ ಕರೆಗೆ ಸೇರಿಸಿದ.

ಮಿಕ್ಸಿಂಗ್‌ನವನು ಬೆಂಗಳೂರಿನವನು. ಅವನ ಮುಖವನ್ನು ನಾನು ಈವರೆಗೆ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

"ನೋಡಿ ಮೇಡಂ, ನಿಮ್ ಪ್ಲೇಯಿಂಗ್ ಚೆನ್ನಾಗೇ ಇದೆ. ಥರ್ಡ್ ವರ್ಸ್‌ಗೆ ಬಂದಾಗ ಕೈ ಸ್ವಲ್ಪ ಸೋತಿತ್ತು. ಹೆಂಗಸ್ರ ಕೈ ಅಲ್ವಾ, ತಪ್ಪೇನಿಲ್ಲ. ಅದಕ್ಕೆ ಫಸ್ಟ್ ವರ್ಸ್ ತಗೊಂಡು ಅಲ್ಲಿ ಕೂರಿಸ್ದೆ. ಎಲ್ರೂ ಹೀಗೇ ಮಾಡೋದು."

"ಎಲ್ಲರೂ ಅಂದರೆ ಯಾರು?"

"ಎಲ್ರೂ ಅಂದ್ರೆ... ಎಲ್ರೂ ಮೇಡಂ."

ಐದು ನಿಮಿಷ ನಲವತ್ತು ಸೆಕೆಂಡಿನ ಹಾಡು. ವೇಗ ನಿಮಿಷಕ್ಕೆ ನೂರ ತೊಂಬತ್ತು ಬಡಿತ, ಪ್ರತಿ ಬಡಿತಕ್ಕೆ ಎರಡು ಹೊಡೆತ, ಎಲ್ಲವೂ ಕೆಳಮುಖ. ಮೇಲೆ ಕೆಳಗೆ ಹೊಡೆದರೆ ಅರ್ಧ ಶ್ರಮ, ಆದರೆ ಸದ್ದಿನ ಜೀವವೂ ಅರ್ಧ. ಐದನೇ ನಿಮಿಷದಲ್ಲಿ ಗಂಡಸರ ಕೈಯೂ ಸೋಲುತ್ತದೆ. ಸೋಲಲಿ ಎಂದೇ ಆ ಹಾಡನ್ನು ಹಾಗೆ ಕಟ್ಟಿದ್ದು ನಾನು. ಕೊನೆಯ ಚರಣದಲ್ಲಿ ಮನುಷ್ಯ ಕುಸಿದು ಬೀಳುತ್ತಾನೆ ಎಂದು ಬರೆದದ್ದು ಹಾಡುಗಾರನೇ. ತಾನು ಬರೆದದ್ದು ಅವನಿಗೆ ನೆನಪಿರಲಿಲ್ಲ.

"ಎಡಗಡೆಯದನ್ನು ಮೊದಲು ಹೇಗಿತ್ತೋ ಹಾಗೆ ಇಡಿ. ಬಲಗಡೆಯದನ್ನು ಇವತ್ತು ನಾನೇ ಬಾರಿಸಿ ಕಳಿಸ್ತೀನಿ," ಎಂದೆ.

"ಮೂರು ಗಂಟೆ ಒಳಗೆ ಬಂದ್ರೆ ಹಾಕ್ತೀನಿ. ಇಲ್ಲಾಂದ್ರೆ ಇದೇ ಹೋಗತ್ತೆ ಮೇಡಂ, ಆಮೇಲೆ ಬೇಜಾರ್ ಮಾಡ್ಕೋಬೇಡಿ."

ಆಲ್ಬಮ್ಮಿನ ಮೇಲೆ ಗಿಟಾರ್ ಎಂದು ಬರೆದು ಮುಂದೆ ಹಾಕುವುದು ನನ್ನ ಹೆಸರನ್ನು. ಮೂರು ಗಂಟೆ ಮೀರಿದರೆ ನನ್ನ ಹೆಸರಿನಡಿ ಅವನ ಅಂಟುಗೆಲಸ ಶಾಶ್ವತವಾಗಿ ಕೂರುತ್ತದೆ. ಆಗ ಹತ್ತು ಗಂಟೆ.

ಹಿಂದಿನ ಕೋಣೆಯಲ್ಲಿ ಯಜಮಾನರ ಹಳೆಯ ಲ್ಯಾಪ್‌ಟಾಪ್, ರೆಕಾರ್ಡಿಂಗ್‌ಗೆಂದು ಒಂದು ಸಣ್ಣ ಪೆಟ್ಟಿಗೆ, ಮೊಣಕಾಲೆತ್ತರದ ಆಂಪ್ಲಿಫೈಯರ್ ಜೋಡಿಸಿದೆ. ಹೆಡ್‌ಫೋನಿನಲ್ಲಿ ನಾನು ತಾಳದ ಕ್ಲಿಕ್ ಮಾತ್ರ ಕೇಳುತ್ತೇನೆ. ಗಿಟಾರಿನ ಸದ್ದು ಆಂಪ್ಲಿಫೈಯರಿನಿಂದ ಕೋಣೆಗೆ ಬಂದು ಮೈಗೆ ತಾಗಬೇಕು, ಇಲ್ಲದಿದ್ದರೆ ಕೈ ನಡೆಯುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ 'ಗುಂಯ್' ಎಂದು ಜೇನುಹುಟ್ಟು ಎದ್ದ ಹಾಗೆ ಸದ್ದು. ತಂತಿ ಮುಟ್ಟಿದರೆ ಮುಂಗೈಗೆ ಜುಮ್ಮೆಂದಿತು.

ಅರ್ಥಿಂಗ್ ಒಣಗಿತ್ತು. ರಾಯದುರ್ಗದ ನೆಲ ಎರಡಡಿ ಅಗೆದರೆ ಬಂಡೆ. ಹಿತ್ತಿಲ ಮೂಲೆಯಲ್ಲಿ ಇದ್ದಿಲು, ಉಪ್ಪು ತುಂಬಿ ತಾಮ್ರದ ಪಟ್ಟಿ ಹೂತ ಗುಂಡಿಗೆ ಬಿಸಿಲುಗಾಲದಲ್ಲಿ ನೀರು ಹಾಕುತ್ತಿರಬೇಕು. ಇಲ್ಲದಿದ್ದರೆ ಇಡೀ ಮನೆಯ ಕರೆಂಟು ಗಿಟಾರಿನಲ್ಲಿ ಹಾಡುತ್ತದೆ. ಬಿಂದಿಗೆಗೆ ಎರಡು ಹಿಡಿ ಕಲ್ಲುಪ್ಪು ಹಾಕಿ ಕಲಸಿ ಗುಂಡಿಗೆ ಸುರಿದೆ. ಗುಳುಗುಳು ಕುಡಿಯಿತು. ಇನ್ನೊಂದು ಬಿಂದಿಗೆ ಸುರಿದೆ.

ಅತ್ತೆ ಶೇಂಗಾ ಮೊರ ಹಿಡಿದು ಹಿತ್ತಿಲಿಗೆ ಬಂದರು. "ಮಲ್ಲಿಗಿ ಗಿಡಕ್ಕ ಎರಡು ದಿನಾತು ನೀರಿಲ್ಲ. ಕರೆಂಟಿಗೆ ಬಿಂದಿಗಿಗಟ್ಲೆ ಎರಿಯಾಕತ್ತೀಯಲ್ಲವಾ!"

"ಗಿಡಕ್ಕೂ ಹಾಕ್ತೀನಿ ಅತ್ತೆ. ಇವತ್ತು ಒಂದು ಅರ್ಜೆಂಟ್ ಕೆಲಸ ಐತೆ."

"ನಿಮ್ಮ ತವರು ಮಡಕಶಿರಾದಾಗ ಎಲ್ಲಾ ಅರ್ಜೆಂಟಽ. ಹೊಡಕೊ ಹೋಗು. ಬರಿಗೈ ಮಾತ್ರ ಮಾಡಬ್ಯಾಡ."

ಗುಂಯ್ ಎನ್ನುವುದು ಮುಕ್ಕಾಲು ಪಾಲು ಇಳಿಯಿತು. ಆದರೆ ಅದರ ಕೆಳಗಿಂದ ಇನ್ನೊಂದು ಸದ್ದು ಎದ್ದು ಬಂತು. 'ಚರ್ರ್... ಚರ್ರ್, ಚರ್ರ್.' ಕಿಟಕಿಯ ಆಚೆ, ಕಾಂಪೌಂಡಿಗೆ ಅಂಟಿದಂತೆ ಜೀನ್ಸ್ ಹೊಲಿಯುವ ಶೆಡ್ಡಿದೆ. ಅಲ್ಲಿ ಯಾರಾದರೂ ಪೆಡಲ್ ಒತ್ತಿದರೆ ಮೋಟಾರಿನ ಕಿಡಿ ಇಲ್ಲಿ ನನ್ನ ಗಿಟಾರಿನಲ್ಲಿ ಸಿಡಿಯುತ್ತದೆ. ಇಬ್ಬರಿಗೂ ಒಂದೇ ಕರೆಂಟಿನ ಲೈನು. ಉಪ್ಪುನೀರಿಗೆ ಹೋಗುವ ಕಾಯಿಲೆ ಅದಲ್ಲ.

ಕಿಟಕಿಯಿಂದಲೇ ಅಲ್ಲಿನ ಮೇಸ್ತ್ರಿಯನ್ನು ಊಟಕ್ಕೆ ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಕೇಳಿದೆ. ಅವರು ತೆಲುಗಿನವರು. "ಒಂಟಿಗಂಟಕಿ ಬೆಲ್ಲಮ್ಮಾ, ಅರಗಂಟೇ," ಎಂದರು. ಒಂದು ಗಂಟೆಗೆ ಬೆಲ್, ಅರ್ಧ ಗಂಟೆ ಮಾತ್ರ. ನಮ್ಮ ಪಕ್ಕದ ಮನೆಯಾಕೆಯೂ ಅದೇ ಶೆಡ್ಡಿನಲ್ಲಿ ಪ್ಯಾಂಟಿನ ಪಕ್ಕದ ಹೊಲಿಗೆ ಹಾಕುತ್ತಾಳೆ. ಮಿಷಿನ್ನಿನಿಂದ ತಲೆ ಎತ್ತಿ, ಕೈ ಬೀಸಿ, ಮತ್ತೆ ತಗ್ಗಿಸಿದಳು.

ಒಂದು ಗಂಟೆಯವರೆಗೆ ಕಾಯುವುದೆಂದಾಯಿತು. ಆರನೇ ತಂತಿಗೆ ತುಕ್ಕಿನ ವಾಸನೆ ಹತ್ತಿತ್ತು, ಆರನ್ನೂ ಬದಲಿಸಿದೆ. ನಾವು ತಂತಿಗಳನ್ನು ಮಾಮೂಲಿಗಿಂತ ಎರಡು ಸ್ವರ ಕೆಳಗೆ ಇಳಿಸಿ ಕಟ್ಟುತ್ತೇವೆ. ಅದಕ್ಕೆ ದಪ್ಪ ತಂತಿ ಬೇಕು, ಮತ್ತು ಹೊಸ ದಪ್ಪ ತಂತಿ ಒಂದೆರಡು ಗಂಟೆ ಹಿಗ್ಗುತ್ತಲೇ ಇರುತ್ತದೆ. ಒಂದೊಂದನ್ನೇ ಬೆರಳಿನಿಂದ ಎಳೆದು ಬಿಟ್ಟು, ಶ್ರುತಿ ಮಾಡಿ, ಮತ್ತೆ ಎಳೆದೆ. ನಡುವೆ ಸಾರು ಮಾಡಿದೆ, ಅತ್ತೆಗೆ ಬಡಿಸಿದೆ. ಅತ್ತೆ ಸಾರಿಗೆ ಉಪ್ಪಿಲ್ಲ ಎಂದರು. ಉಪ್ಪೆಲ್ಲ ಗುಂಡಿಗೆ ಹೋಗಿತ್ತು.

ಹನ್ನೆರಡೂವರೆಗೆ ಹಾಡುಗಾರನ ಮೆಸೇಜು ಬಂತು: "ಅಕ್ಕಾ ಸಿಟ್ಟಾಗಬ್ಯಾಡ್ರಿ. ಒಂದು ವಿಡಿಯೋನೂ ಕಳಸ್ರಿ, ಸೀರಿ ಮ್ಯಾಲ ಬಾರ್ಸೋದು, ಹಿಂದ ಒಲಿ ಕಾಣಬೇಕು. ಭಾಳ ಓಡ್ತೈತಿ." ಇವನಿಗೆ ನನ್ನ ಕೈ ಕೇಳಿಸದಿದ್ದರೂ ನಡೆಯುತ್ತದೆ, ಒಲೆ ಕಾಣದಿದ್ದರೆ ನಡೆಯುವುದಿಲ್ಲ. ಉತ್ತರ ಬರೆಯಲಿಲ್ಲ. ಫೋನನ್ನು ಆಫ್ ಮಾಡಿ ಅಕ್ಕಿ ಡಬ್ಬದೊಳಗಿಟ್ಟೆ.

ಒಂದಕ್ಕೆ ಬೆಲ್ ಆಯಿತು. ಮೋಟಾರುಗಳು ಒಂದೊಂದಾಗಿ ನಿಂತವು. ಆಂಪ್ಲಿಫೈಯರಿನಲ್ಲಿ ಚರ್ರ್ ಎನ್ನುವುದು ನಿಂತು ಬರೀ ಉಸಿರಿನಂಥ ಸದ್ದು ಉಳಿಯಿತು. ಹೆಂಗಸರು ಡಬ್ಬಿ ಹಿಡಿದು ಬಂದು ನನ್ನ ಕಿಟಕಿಯ ಕೆಳಗಿನ ನೆರಳಲ್ಲಿ ಕೂತ ಮಾತು ಕೇಳಿಸಿತು. ಬಳೆ ಏರಿಸಿ, ಪಟ್ಟಿ ಕಟ್ಟಿ, ಶುರು ಮಾಡಿದೆ.

ಎರಡನೇ ನಿಮಿಷಕ್ಕೆ ಆಂಪ್ಲಿಫೈಯರ್ 'ಟಟಟ ಟಟಟ' ಎಂದಿತು. ಪಕ್ಕದ ಕೋಣೆಯಲ್ಲಿ ಅತ್ತೆಯ ಬಟನ್ ಫೋನಿಗೆ ಕರೆ ಬರುತ್ತಿತ್ತು, ಅದರ ಅಲೆ ಗಿಟಾರಿಗೆ ಹತ್ತಿತ್ತು. ಬೊಮ್ಮನಹಾಳಿನಿಂದ ಅವರ ತಂಗಿ. ನನ್ನ ಫೋನನ್ನು ಮಾತ್ರ ಅಕ್ಕಿಯಲ್ಲಿಟ್ಟು ಜಾಣೆ ಎಂದುಕೊಂಡಿದ್ದೆ. ಹೋಗಿ ಕೈ ಮುಗಿದು, "ಅರ್ಧ ಗಂಟೆ ಕಟ್ಟೆ ಮೇಲೆ ಕೂತು ಮಾತಾಡಿ ಅತ್ತೆ" ಎಂದೆ. "ಮಾತಾಡಾಕ ಮನಿ ಬಿಡಿಸಿದಿ" ಎನ್ನುತ್ತ ಫೋನಿನ ಸಮೇತ ಹೊರಗೆ ಹೋದರು.

ಎರಡನೇ ಸಲ ಭುಜ ಎತ್ತಿಬಿಟ್ಟೆ. ಸಿಟ್ಟಿದ್ದಾಗ ಹಾಗಾಗುತ್ತದೆ. ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಹಾಡುಗಳಿಗೆ ಗಿಟಾರ್ ಕಲಿಸಿದ ಸಿಸ್ಟರ್ ಭುಜದ ಮೇಲೆ ಸ್ಕೇಲ್ ಇಡುತ್ತಿದ್ದರು, ಬೀಳಬಾರದು. ಭುಜದಿಂದ ಹೊಡೆದರೆ ಮೂರೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಕಲ್ಲಾಯಿತು. ನಿಲ್ಲಿಸಿದೆ.

ಮೂರನೇ ಸಲ ಮಣಿಕಟ್ಟು ಸಡಿಲವಾಗಿ ನಡೆಯಿತು. ಅಂಗೈಯಂಚು ತಂತಿಗಳ ಬುಡವನ್ನು ಒತ್ತಿದ್ದು ಸರಿಯಾಗಿ ಕೂತಿತ್ತು, ಪ್ರತಿ ಹೊಡೆತ ತುಂಡು ತುಂಡಾಗಿ ಬರುತ್ತಿತ್ತು. ಮೊದಲ ಚರಣ, ಎರಡನೇ ಚರಣ, ಮೂರನೆಯದರ ಅರ್ಧ. ಅಲ್ಲಿ ಬೆವರಿಗೆ ಬೆರಳಿನಲ್ಲಿದ್ದ ಪ್ಲೆಕ್ಟ್ರಮ್, ತಂತಿ ಮೀಟುವ ಪ್ಲಾಸ್ಟಿಕ್ ಚೂರು, ತುಸು ತಿರುಗಿತು. ಎರಡು ಹೊಡೆತ ತಪ್ಪಿದವು. ಎರಡೇ. ಕೊನೆಯವರೆಗೆ ಬಾರಿಸಿ ಮುಗಿಸಿದೆ.

ಗಡಿಯಾರದಲ್ಲಿ ಒಂದು ಹದಿನೆಂಟು. ಮಾಡಿದ್ದನ್ನು ಅಲ್ಲಲ್ಲಿ ಕೇಳಿ ನೋಡಿದೆ. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಪರದೆಯ ಮೇಲೆ ಆ ಎರಡು ತಪ್ಪು ಹೊಡೆತಗಳು ಕೊಳೆತ ಹಲ್ಲಿನ ಹಾಗೆ ಕಂಡವು. ಮೊದಲ ಚರಣದಲ್ಲಿ ಅದೇ ಜಾಗದಲ್ಲಿ ಎರಡು ಒಳ್ಳೆಯ ಹೊಡೆತಗಳಿದ್ದವು. ಅವನ್ನು ಕತ್ತರಿಸಿ ಇಲ್ಲಿ ಕೂರಿಸಲು ಹತ್ತು ಸೆಕೆಂಡು ಸಾಕು. ನನ್ನವೇ ಹೊಡೆತ, ನನ್ನದೇ ಕೈ, ಇವತ್ತಿನದೇ. ಮೌಸ್ ಮೇಲೆ ಬೆರಳಿಟ್ಟು ಆ ಎರಡನ್ನು ಆರಿಸಿದ್ದೂ ಆಯಿತು, ಅವು ನೀಲಿಯಾದವು.

ಬೆಳಗಿನಿಂದ ಇಬ್ಬರು ಗಂಡಸರನ್ನು ಮನಸ್ಸಿನಲ್ಲೇ ಎಷ್ಟು ಕೆಳಗೆ ಇಳಿಸಿದ್ದೆನೋ, ಆ ಜಾಗದಲ್ಲಿ ಮೂರನೆಯ ಕುರ್ಚಿಯೊಂದು ಖಾಲಿ ಇತ್ತು. ಅದಕ್ಕೆ ನಾನೇ ಹೋಗಿ ಕೂರುವುದರಲ್ಲಿದ್ದೆ. ಎರಡು ಹೊಡೆತಕ್ಕೆ ಒಂದು ನ್ಯಾಯ, ಒಂದು ಚರಣಕ್ಕೆ ಇನ್ನೊಂದು ನ್ಯಾಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಲ್ಲರೂ ಹೀಗೇ ಮಾಡುವುದು ಎಂದ ಆ ಬೆಂಗಳೂರಿನವನು ಕೂಡ ಎಂದೋ ಒಂದು ದಿನ ಎರಡೇ ಹೊಡೆತದಿಂದ ಶುರು ಮಾಡಿರಬೇಕು.

ಮೂರನೆಯದನ್ನು ಪೂರ್ತಿ ಅಳಿಸಿದೆ. ಇಟ್ಟುಕೊಂಡಿದ್ದರೆ ಮತ್ತೆ ಕೈ ಹೋಗುತ್ತಿತ್ತು.

ಒಂದು ಇಪ್ಪತ್ತಮೂರು. ಮೋಟಾರು ಶುರುವಾಗಲು ಏಳು ನಿಮಿಷ. ಬೆರಳನ್ನು ಸೆರಗಿಗೆ ಒರೆಸಿ, ಪ್ಲೆಕ್ಟ್ರಮ್‌ಗೆ ಒಂದು ಚಿಟಿಕೆ ವಿಭೂತಿ ಹಚ್ಚಿದೆ. ಹಿಡಿತಕ್ಕೆಂದು, ಭಕ್ತಿಗಲ್ಲ. ನಾಲ್ಕು ಕ್ಲಿಕ್ ಕೇಳಿ ಇಳಿದೆ.

ಮೊದಲ ಮೂರು ನಿಮಿಷದ ನೆನಪೇ ನನಗಿಲ್ಲ. ನಾಲ್ಕನೆಯದರಲ್ಲಿ ಮುಂಗೈಯೊಳಗೆ ಕಾದ ತಂತಿ ಎಳೆದ ಹಾಗಾಯಿತು. ಐದನೆಯದರಲ್ಲಿ ಹೊಡೆತಗಳು ಕ್ಲಿಕ್ಕಿಗಿಂತ ಕೂದಲೆಳೆಯಷ್ಟು ಹಿಂದೆ ಬೀಳತೊಡಗಿದವು, ಭಾರವಾದವು. ತಪ್ಪಲಿಲ್ಲ, ನಿಲ್ಲಲಿಲ್ಲ. ಕೊನೆಯ ಹೊಡೆತ ಬಾರಿಸಿ ಅದು ಮೊಳಗುತ್ತ ಆರುವವರೆಗೆ ಬಿಟ್ಟೆ. ಆರುವ ಮೊದಲೇ ಶೆಡ್ಡಿನಲ್ಲಿ ಬೆಲ್ ಆಗಿ, ಯಾರೋ ಪೆಡಲ್ ಒತ್ತಿದರು. ಆ ಮೊಳಗಿನ ಬಾಲದಲ್ಲಿ ಒಂದು 'ಚರ್ರ್' ಸೇರಿಕೊಂಡಿತು. ಅದನ್ನೂ ಹಾಗೇ ಬಿಟ್ಟೆ.

ನಮ್ಮ ಓಣಿಯ ಇಂಟರ್ನೆಟ್ಟಿನಲ್ಲಿ ಫೈಲ್ ಏರಲು ಐವತ್ತು ನಿಮಿಷ ಹಿಡಿಯಿತು. ಎರಡೂವರೆಗೆ ಮಿಕ್ಸಿಂಗ್‌ನವನಿಗೆ ಮುಟ್ಟಿತು. ಅಷ್ಟರಲ್ಲಿ ಫೋನನ್ನು ಅಕ್ಕಿಯಿಂದ ತೆಗೆದು ಆನ್ ಮಾಡಿದೆ, ಮಲ್ಲಿಗೆ ಗಿಡಕ್ಕೆ ನೀರು ಹಾಕಿದೆ, ತಣ್ಣಗಾದ ಸಾರಿನಲ್ಲಿ ಎಡಗೈಯಿಂದ ಚಮಚ ಹಿಡಿದು ಉಂಡೆ. ಬಲಗೈ ಲೋಟವನ್ನೂ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

ಮೂರೂವರೆಗೆ ಅವನ ಫೋನ್.

"ಬಂತು ಮೇಡಂ. ಹಾಕಿದೀನಿ. ಲಾಸ್ಟ್ ಪಾರ್ಟ್ ಸ್ವಲ್ಪ ಲೂಸ್ ಇದೆ, ಕ್ಲಿಕ್ಕಿಗೆ ಸರಿಯಾಗಿ ಗ್ರಿಡ್ಡಿಗೆ ಕೂರಿಸ್ಬಿಡ್ಲಾ? ಎರಡು ನಿಮಿಷದ ಕೆಲ್ಸ."

"ಮುಟ್ಟಬೇಡಿ."

"ಅಲ್ಲ, ಕೇಳೋವ್ರಿಗೆ..."

"ಕೇಳುವವರ ಬಗ್ಗೆ ನೀವು ಚಿಂತೆ ಮಾಡಬೇಡಿ. ನೀವು ಆ ಪೈಕಿ ಅಲ್ಲ. ಥ್ಯಾಂಕ್ಸ್."

ಈ ಥ್ಯಾಂಕ್ಸ್ ಅವನಿಗೂ ತಿಳಿಯಿತು ಅನ್ನಿಸುತ್ತದೆ, ಫೋನ್ ಇಟ್ಟ.

ನಾಲ್ಕೂ ಮುಕ್ಕಾಲಿಗೆ ಹೊಸ ಮಿಕ್ಸ್ ಬಂತು. ಕೇಳಿದೆ. ಎಡಗಿವಿಯಲ್ಲಿ, ಮೊದಲ ಚರಣದಲ್ಲಿ ಒಂದು 'ಟಿಕ್'. ಬೇರೆಲ್ಲೂ ಇಲ್ಲ. ಬಲಗಿವಿಯ ಗಿಟಾರ್ ಎಡಗಿವಿಯದರ ಜೊತೆ ಜಗಳವಾಡುತ್ತ, ಒಪ್ಪುತ್ತ ಸಾಗಿ ಕೊನೆಯ ಚರಣದಲ್ಲಿ ಎರಡೂ ಒಟ್ಟಿಗೆ ಕುಸಿದವು. ಐದಕ್ಕೆ ಆಲ್ಬಂ ಹೋಯಿತು. ಹಾಡುಗಾರ ಮೂರು ಬೆಂಕಿಯ ಚಿತ್ರ ಹಾಕಿ ಬರೆದ: "ಎರಡೂ ಕೇಳಿದೆ ಅಕ್ಕಾ. ಮುಂಜಾನಿದು, ಈಗಿಂದು, ಒಂದಽ ಥರಾ ಐತಿ. ಸುಮ್ಮನ ತ್ರಾಸು ತಗೊಂಡ್ರಿ." ಮೂರು ವರ್ಷದಿಂದ ನಾನು ಗಿಟಾರ್ ಬಾರಿಸುತ್ತಿರುವುದು ಇಂಥವನ ಪಕ್ಕದಲ್ಲಿ ನಿಂತು.

ಆರು ಗಂಟೆಗೆ ಶೆಡ್ಡು ಬಿಟ್ಟಿತು. ಒಣಗಿದ ಬಟ್ಟೆಗಳನ್ನು ಎಡಗೈಯಲ್ಲಿ ಒಂದೊಂದೇ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಖಾಲಿ ಡಬ್ಬಿ ಹಿಡಿದು ಕಾಂಪೌಂಡಿನ ಆಚೆ ನಿಂತಳು. ಕೈಗೆಲ್ಲ ಜೀನ್ಸಿನ ನೀಲಿ ಹತ್ತಿತ್ತು.

"ಒಂದೆರಡು ಎಸಳು ಕರಿಬೇವು ಕೊಡ್ರಿ ಅಕ್ಕಾರ."

ಕಿತ್ತು ಕೊಟ್ಟೆ. ಮೂಸಿ ನೋಡಿ ಡಬ್ಬಿಯೊಳಗಿಟ್ಟಳು. ಹೊರಡಲು ತಿರುಗಿದವಳು ಮುಚ್ಚಳ ಒತ್ತುತ್ತ ಹೇಳಿದಳು:

"ಊಟ ಮಾಡೂಮುಂದ ಕೇಳಿದ್ವಿರಿ, ಕಡೀ ಸಲದ್ದು ಕಡೀಕಡೀಗೆ ಕೈ ಸೋತಿತ್ತಲ್ರಿ ನಿಮ್ದು. ನಮಗೂ ನಾಕು ಗಂಟಿ ಮ್ಯಾಲ ಹಂಗಽ ಆಗ್ತೈತಿ, ಹೊಲಿಗಿ ನೋಡಿದ್ರ ಗೊತ್ತಾಗ್ತೈತಿ."